ಪಾತ್ರೆಯ ಪೂರ್ವವೃತ್ತಾಂತ

ಪಾತ್ರೆಯ ಹಿಂದಿನ ಬದುಕನ್ನು ತಿಳಿಯದೆ ಅದರಲ್ಲಿ ಅಡುಗೆ ಮಾಡಬಾರದೆಂಬ ವಿವೇಕ ನಮ್ಮ ಹಿರಿಯ ಮಹಿಳೆಯರಲ್ಲಿ ಸಹಜವಾಗಿಯೇ ಇತ್ತು. ಕಲಾಯಿ ಸವೆದ ತಾಮ್ರದ ಪಾತ್ರೆಯಲ್ಲಿ ಅವರು ಹುಣಸೆಹುಳಿ ಕುದಿಸುತ್ತಿರಲಿಲ್ಲ. ಕಾರಣವನ್ನು ರಸಾಯನಶಾಸ್ತ್ರದ ಭಾಷೆಯಲ್ಲಿ ಹೇಳಲು ಅವರಿಗೆ ಬಾರದಿದ್ದರೂ ಲೋಹವು ಅನ್ನದೊಳಗೆ ಇಳಿಯುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಇಂದು ಅಂಥದೇ ವಿವೇಕದ ಅಗತ್ಯ ಬೇರೊಂದು ರೂಪದಲ್ಲಿ ಎದುರಾಗಿದೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಬಂದ ನಮ್ಮ ಕರಾವಳಿಯ ಯುವಕರು ಕೆಂಡ ಮತ್ತು ಹೊಗೆಯಲ್ಲಿ ಮಾಂಸ ಬೇಯಿಸುವ ರುಚಿಯನ್ನು ಜೊತೆಗೆ ತಂದಿದ್ದಾರೆ. ಅದಕ್ಕಾಗಿ ಗುಜರಿ ಅಂಗಡಿಯ 200 ಲೀಟರಿನ ಉಕ್ಕಿನ ಡ್ರಮ್ಮು ಒಲೆಯಾಗಿ ಮಾರ್ಪಡುತ್ತಿದೆ.

ಕಳೆದ ಬಕ್ರೀದಿಗೆ ಮುನ್ನ ನನ್ನ ಹಳೆಯ ವಿದ್ಯಾರ್ಥಿಗಳು ಮೂವರು ಅಂತಹ ಒಂದು ಡ್ರಮ್ಮನ್ನು ನೋಡಿಟ್ಟು ನನ್ನ ಬಳಿ ಬಂದರು. ಕನ್ನಡ ಪಾಠ ಹೇಳುವ ಉಸ್ತಾದನಿಗೂ ಡ್ರಮ್ಮಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಪದವಿ ಓದುತ್ತಿದ್ದ ವರ್ಷಗಳಲ್ಲಿ ರಜೆಯ ದಿನಗಳನ್ನು ನಾನು ಸೋದರಮಾವನ ವೆಲ್ಡಿಂಗ್ ಅಂಗಡಿಯಲ್ಲಿ ಕಳೆಯುತ್ತಿದ್ದೆ. ಅವರ ಎಡಗೈಯ ಮೇಲೆ ಮೊಣಕೈವರೆಗೂ ಸುಟ್ಟ ಕಲೆಯಿತ್ತು. ಥಿನ್ನರ್ ತುಂಬಿದ್ದ ಖಾಲಿ ಡ್ರಮ್ಮೊಂದನ್ನು ಕತ್ತರಿಸುವಾಗ ಆದ ಗಾಯವದು. ‘ತುಂಬಿದ ಡ್ರಮ್ಮಿಗಿಂತ ಖಾಲಿ ಡ್ರಮ್ಮಿಗೆ ಹೆದರಬೇಕು’ ಎಂದು ಅವರು ಹೇಳುತ್ತಿದ್ದರು. ತಳದಲ್ಲಿ ಉಳಿದ ಒಂದಿಷ್ಟು ದ್ರವವು ಆವಿಯಾಗಿ ಗಾಳಿಯೊಂದಿಗೆ ಬೆರೆತು ಡ್ರಮ್ಮನ್ನು ತುಂಬಿಕೊಂಡಿರುತ್ತದೆ. ಗ್ರೈಂಡರಿನ ಒಂದು ಕಿಡಿ ಸಾಕು, ಮುಚ್ಚಳವು ಹಾರಿ ಮನುಷ್ಯನ ಪ್ರಾಣವನ್ನೇ ತೆಗೆಯಬಲ್ಲದು.

ಆದ್ದರಿಂದ ಮೊದಲ ಪ್ರಶ್ನೆ ಹೇಗೆ ತೊಳೆಯಬೇಕು ಎಂಬುದಲ್ಲ, ಯಾವುದನ್ನು ತರಬೇಕು ಎಂಬುದು. ಹುಡುಗರು ನೋಡಿಟ್ಟಿದ್ದ ಡ್ರಮ್ಮಿನಲ್ಲಿ ಹಿಂದೆ ಏನಿತ್ತೆಂದು ಮಾರುವವನಿಗೇ ತಿಳಿದಿರಲಿಲ್ಲ. ಚೀಟಿಯನ್ನು ಕೆರೆದು ತೆಗೆಯಲಾಗಿತ್ತು. ಬೆಲೆ ಅಗ್ಗವಾಗಿತ್ತು. ಬೇಡವೆಂದೆ. ಕೀಟನಾಶಕ, ದ್ರಾವಕ, ಬಣ್ಣ, ಆಮ್ಲ ಮುಂತಾದವು ತುಂಬಿದ್ದ ಡ್ರಮ್ಮನ್ನು ಎಷ್ಟು ಸುಟ್ಟರೂ ಎಷ್ಟು ಉಜ್ಜಿದರೂ ಅಡುಗೆಗೆ ಯೋಗ್ಯವೆಂದು ನಂಬುವಂತಿಲ್ಲ. ಸತುವಿನ ಲೇಪವಿರುವ ಡ್ರಮ್ಮೂ ಬೇಡ. ತೀವ್ರ ಶಾಖಕ್ಕೆ ಸತುವಿನಿಂದ ಏಳುವ ಹೊಗೆ ಚಳಿಜ್ವರವನ್ನು ತರುತ್ತದೆ. ಮಾವಿನ ತಿರುಳು, ಹಣ್ಣಿನ ರಸ, ಜೇನು, ಖಾದ್ಯತೈಲ ಇವುಗಳನ್ನು ಸಾಗಿಸಿದ ಡ್ರಮ್ಮುಗಳು ಹುಡುಕಿದರೆ ಸಿಗುತ್ತವೆ. ಮಾವಿನ ತಿರುಳನ್ನು ಸಾಮಾನ್ಯವಾಗಿ ಶುದ್ಧೀಕರಿಸಿದ ಚೀಲದಲ್ಲಿ ತುಂಬಿ ಡ್ರಮ್ಮಿನೊಳಗೆ ಇಡುತ್ತಾರೆ. ಮೇಲ್ಭಾಗ ಪೂರ್ತಿ ತೆರೆದುಕೊಳ್ಳುವ, ಬಳೆಯಿಂದ ಬಿಗಿಯುವ ಮುಚ್ಚಳವುಳ್ಳ ಡ್ರಮ್ಮಾದರೆ ಕತ್ತರಿಸುವ ಪ್ರಮೇಯವೇ ಬರುವುದಿಲ್ಲ. ಎರಡು ವಾರ ಕಾದ ಮೇಲೆ ಹುಡುಗರಿಗೆ ಅಂಥದೇ ಒಂದು ದೊರೆಯಿತು.

ಡ್ರಮ್ಮಿನ ಒಳಮೈಯನ್ನು ಬೆಳಕಿನಲ್ಲಿ ನೋಡಬೇಕು. ಬೂದು ಬಣ್ಣದ ಬರಿಯ ಉಕ್ಕು ಕಂಡರೆ ಕೆಲಸ ಸುಲಭ. ಕಂದು, ಕೆಂಪು ಅಥವಾ ಹೊಂಬಣ್ಣದ ನುಣುಪು ಪದರ ಕಂಡರೆ ಅದು ರಾಳದ ಲೇಪ. ಸೋಪಿಗೆ ಅದು ಜಗ್ಗದು, ಬೆಂಕಿಯಿಂದಲೇ ಹೋಗಬೇಕು. ಮೊದಲು ಮುಚ್ಚಳದ ಅಂಚಿನ ರಬ್ಬರ್ ಉಂಗುರವನ್ನು ಕಿತ್ತು ತೆಗೆಯಬೇಕು. ತಳದಿಂದ ಸುಮಾರು 5 ಸೆಂಟಿಮೀಟರ್ ಮೇಲೆ, ಸುತ್ತಲೂ ಸಮಾನ ಅಂತರದಲ್ಲಿ, 2 ಸೆಂಟಿಮೀಟರ್ ಅಗಲದ ನಾಲ್ಕು ರಂಧ್ರಗಳನ್ನು ಕೊರೆಯಬೇಕು. ಮುಂದೆ ಒಲೆಗೆ ಗಾಳಿ ಬರುವ ದಾರಿಯೂ ಇವೇ. ಅನಂತರ ಮನೆ, ಬಾವಿ, ಮಕ್ಕಳು, ಒಣಹಾಕಿದ ಬಟ್ಟೆ ಎಲ್ಲದರಿಂದ ದೂರದ ಬಯಲಿನಲ್ಲಿ ಡ್ರಮ್ಮನ್ನು ಇಟ್ಟು, ಒಣಸೌದೆ ತುಂಬಿ ದೊಡ್ಡ ಬೆಂಕಿ ಹಚ್ಚಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತದೆಯೋ ಆ ಕಡೆಯಲ್ಲಿ ನಿಂತು ಆ ಹೊಗೆಯಿಂದ ತಪ್ಪಿಸಿಕೊಳ್ಳಬೇಕು. ಅದು ಮಾಂಸದ ಹೊಗೆಯಲ್ಲ, ಬಣ್ಣ ಮತ್ತು ರಾಳದ ಹೊಗೆ. ಒಳಲೇಪವು ಕರಕಲಾಗಿ ಪದರ ಪದರವಾಗಿ ಉದುರುವವರೆಗೆ ಸೌದೆ ಹಾಕುತ್ತಿರಬೇಕು. ಮುಚ್ಚಳವನ್ನೂ ಹೀಗೆಯೇ ಸುಡಬೇಕು.

ತಣಿದ ಮೇಲೆ ಆರಂಭವಾಗುವುದು ತೋಳಿನ ಕೆಲಸ. ಹುಡುಗರು ಬೇಸತ್ತದ್ದು ಇಲ್ಲಿಯೇ. ತಂತಿಯ ಬ್ರಷ್ಷಿನಿಂದಲೂ ಮರಳುಕಾಗದದಿಂದಲೂ ಬರಿಯ ಲೋಹ ಕಾಣುವವರೆಗೆ ಉಜ್ಜಬೇಕು. ಒಂದು ಮೂಲೆಯಲ್ಲಿ ಲೇಪ ಉಳಿದಿದ್ದರೆ ಮತ್ತೊಮ್ಮೆ ಬೆಂಕಿ, ಮತ್ತೊಮ್ಮೆ ಉಜ್ಜುವಿಕೆ. ನಾವು ಎರಡು ಬಾರಿ ಸುಡಬೇಕಾಯಿತು. ಬಳಿಕ ಸೋಪು ಮತ್ತು ಬಿಸಿನೀರಿನಿಂದ ತೊಳೆದು, ಮುರಿದ ತಂತಿಯ ಎಳೆಗಳು ಒಳಗೆ ಉಳಿಯದಂತೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಬೆತ್ತಲೆ ಉಕ್ಕು ಕರಾವಳಿಯ ಗಾಳಿಗೆ ಬಹುಬೇಗ ತುಕ್ಕು ಹಿಡಿಯುವುದರಿಂದ ಅಂದೇ ಒಳಮೈಗೆ ಅಡುಗೆ ಎಣ್ಣೆಯನ್ನು ತೆಳುವಾಗಿ ಹಚ್ಚಿ, ಸಣ್ಣ ಕೆಂಡದಲ್ಲಿ ಕೆಲವು ಗಂಟೆ ಕಾಯಿಸಬೇಕು. ಎಣ್ಣೆ ಗಟ್ಟಿಯಾಗಿ ಕಪ್ಪು ಪದರವಾಗುತ್ತದೆ. ದೋಸೆಯ ಕಾವಲಿಯನ್ನು ಪಳಗಿಸುವ ಕ್ರಮವೇ ಇದು. ಶಾಖ ತಡೆಯುವ ಬಣ್ಣವನ್ನು ಹಚ್ಚುವುದಾದರೆ ಹೊರಮೈಗೆ ಮಾತ್ರ.

ಉಳಿದದ್ದು ಸುಲಭ. ಕೆಂಡದ ಬುಟ್ಟಿಗಿಂತ ಸುಮಾರು 60 ಸೆಂಟಿಮೀಟರ್ ಮೇಲೆ ಕಬ್ಬಿಣದ ಜಾಲರಿ, ಮುಚ್ಚಳದಲ್ಲಿ ಹೊಗೆ ಹೋಗಲು ರಂಧ್ರಗಳು. ತೆಂಗಿನ ಚಿಪ್ಪಿನ ಇದ್ದಿಲು ಉತ್ತಮ. ಪರಿಮಳಕ್ಕೆ ಪೇರಳೆಯ ಒಣಕೊರಡು ಸಾಕು. ಪ್ಲೈವುಡ್, ಬಣ್ಣ ಬಳಿದ ಮರ ಸಲ್ಲದು. ಕೆಳಗಿನ ರಂಧ್ರಗಳನ್ನು ಮುಚ್ಚಿ ತೆರೆದು ಶಾಖವನ್ನು 110ರಿಂದ 135 ಡಿಗ್ರಿ ಸೆಲ್ಸಿಯಸ್ ನಡುವೆ ನಿಲ್ಲಿಸಿದರೆ ಮಾಂಸವು ನಿಧಾನವಾಗಿ ಬೇಯುತ್ತದೆ. ಒಲೆ ಸದಾ ಬಯಲಿನಲ್ಲಿರಲಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ವಿಷಾನಿಲವು ವಾಸನೆಯೂ ಬಾರದಂತೆ ಕೊಲ್ಲುತ್ತದೆ.

‘ಉಸ್ತಾದ್, ಮಾಂಸ ಹಲಾಲ್ ಆಗಿದ್ದರೆ ಸಾಲದೇ? ಡ್ರಮ್ಮಿಗೆ ಇಷ್ಟೊಂದು ಪರೀಕ್ಷೆಯೇ?’ ಎಂದು ಅವರಲ್ಲೊಬ್ಬ ಕೇಳಿದ್ದ. ಹಲಾಲ್ ಎಂಬ ಪದದ ಜೊತೆಯಲ್ಲಿಯೇ ತಯ್ಯಿಬ್ ಎಂಬ ಇನ್ನೊಂದು ಪದವಿದೆ; ಒಳ್ಳೆಯದು, ಶುದ್ಧವಾದುದು ಎಂದು ಅದರ ಅರ್ಥ. ಕೊಯ್ಯುವಾಗ ಮೊದಲನೆಯದನ್ನು ನಾವೆಲ್ಲರೂ ನೆನೆಯುತ್ತೇವೆ. ಬೇಯಿಸುವಾಗ ಎರಡನೆಯದನ್ನು ನೆನೆಯುವವರು ಕಡಿಮೆ. ಬಕ್ರೀದಿನ ಮಾಂಸದ ಒಂದು ಪಾಲು ನೆರೆಮನೆಗೂ ಬಡವರ ಮನೆಗೂ ಹೋಗುತ್ತದೆ. ಅದನ್ನು ಕೈಚಾಚಿ ಪಡೆಯುವ ಮಗು ಈ ಡ್ರಮ್ಮಿನಲ್ಲಿ ಹಿಂದೆ ಏನಿತ್ತೆಂದು ಕೇಳುವುದಿಲ್ಲ. ನಮ್ಮನ್ನು ನಂಬಿ ತಿನ್ನುತ್ತದೆ. ಆ ಮಗುವಿನ ಪರವಾಗಿ ಕೇಳಬೇಕಾದವರು ನಾವು. ಉತ್ತರ ಸಿಗದ ಡ್ರಮ್ಮನ್ನು, ಅದೆಷ್ಟೇ ಅಗ್ಗವಾಗಿರಲಿ, ಗುಜರಿಯಲ್ಲಿಯೇ ಬಿಟ್ಟುಬರೋಣ.