ರಜೆ ಡೈರಿ 6: ಹಂಸದ ಮರಿ, ನಮ್ಮ ಪಾಪು

ಸ್ವಲ್ಪ ಉದ್ದ ಇದೆ, ಸ್ವೈಪ್ ಮಾಡ್ತಾ ಓದಿ.

📷 1
ಅಕ್ಕನ ಬಾಣಂತನಕ್ಕೆ ಅಮ್ಮ, ಅಮ್ಮನ ಸೂಟ್‌ಕೇಸ್ ಹೊರೋಕೆ ನಾನು. ಹಾಗೆ ಇಂಗ್ಲೆಂಡಿನ ರೆಡಿಂಗ್‌ಗೆ ಬಂದ್ವಿ. ಪಾಪುಗೆ ಈಗ ಐದು ವಾರ. ನರ್ಸ್ ಬಂದು ತೂಕ ಹಾಕಿ, ಒಂದು ಕೆಂಪು ಪುಸ್ತಕದ ಗ್ರಾಫಲ್ಲಿ ಚುಕ್ಕಿ ಇಡ್ತಾರೆ. ಚುಕ್ಕಿ ಪ್ರತೀ ಸಲ ಗೆರೆಯಿಂದ ಕೆಳಗೆ ಜಾರ್ತಿತ್ತು. ಅಕ್ಕ ರಾತ್ರಿ ಅಳ್ತಿದ್ದಳು. ಅಮ್ಮಂದು ಒಂದೇ ಹಠ: "ಮಕ್ಕಳನ್ನ ಎಣಿಸಬಾರದು, ತೂಗಬಾರದು. ದೃಷ್ಟಿ ಆಗುತ್ತೆ." ಮೂರು ದಿನ ಇಬ್ಬರಿಗೂ ಮಾತಿಲ್ಲ. ನಾನು ಮಧ್ಯೆ ನಿಂತು ಬಾಟಲಿ ತೊಳೀತಿದ್ದೆ.

📷 2
ಗುರುವಾರ ಅಕ್ಕಾನೇ "ಹೊರಗೆ ಹೋಗೋಣ, ಉಸಿರು ಕಟ್ತಿದೆ" ಅಂದಳು. ಅಮ್ಮ ಅವಳ ಕಿವಿಗೆ ಹತ್ತಿ ತುರುಕಿ, ತಲೆಗೆ ಸ್ಕಾರ್ಫ್ ಕಟ್ಟಿ ಹೊರಡಿಸಿದ್ರು. ಕ್ಯಾವರ್ಶಮ್ ಹತ್ತಿರ ಥೇಮ್ಸ್ ದಡದಲ್ಲಿ ಜನ ಸೇರಿದ್ರು. ಬಾವುಟ ಕಟ್ಟಿದ ಮರದ ದೋಣಿಗಳು, ಕೆಂಪು ಕೋಟು, ಟೋಪಿಗೆ ಬಿಳಿ ಗರಿ. ಇದು ಸ್ವಾನ್ ಅಪ್ಪಿಂಗ್. ಪ್ರತಿವರ್ಷ ಜುಲೈ ಮೂರನೇ ವಾರ, ಸನ್‌ಬರಿಯಿಂದ ಅಬಿಂಗ್ಡನ್‌ವರೆಗೆ 79 ಮೈಲಿ, ಐದು ದಿನ ಹುಟ್ಟು ಹಾಕ್ಕೊಂಡು ಹೋಗಿ ಹಂಸಗಳ ಲೆಕ್ಕ ತಗೋತಾರೆ.

📷 3
ಹನ್ನೆರಡನೇ ಶತಮಾನದ ಪದ್ಧತಿಯಂತೆ. ಆಗ ಲೆಕ್ಕ ಯಾಕೆ ಗೊತ್ತಾ? ಹಂಸ ಅರಮನೆಯ ಔತಣದ ಊಟ! ಗುರುತಿಲ್ಲದ ಹಂಸ ರಾಜನದ್ದು. ಹದಿನೈದನೇ ಶತಮಾನದಲ್ಲಿ ಲಂಡನ್ನಿನ ಎರಡು ವ್ಯಾಪಾರಿ ಸಂಘಗಳಿಗೂ ಪಾಲು ಸಿಕ್ಕಿತು: ವೈನ್ ಮಾರೋ ವಿಂಟ್ನರ್ಸ್, ಬಟ್ಟೆಗೆ ಬಣ್ಣ ಹಾಕೋ ಡೈಯರ್ಸ್. ಕೊಕ್ಕಿನ ಮೇಲೆ ಒಂದು ಗೀರು ಅಂದ್ರೆ ಡೈಯರ್ಸ್, ಎರಡು ಅಂದ್ರೆ ವಿಂಟ್ನರ್ಸ್. ಈಗ ಗೀರಿಲ್ಲ, ಕಾಲಿಗೆ ಉಂಗುರ. ಬಿಕಾಂ ಭಾಷೇಲಿ ಹೇಳೋದಾದ್ರೆ ಪಕ್ಕಾ ಸ್ಟಾಕ್ ವೆರಿಫಿಕೇಶನ್.

📷 4
"ಆಲ್ ಅಪ್!" ಅಂತ ಯಾರೋ ಕೂಗಿದ್ರು. ದೋಣಿಗಳು ಒಂದು ಹಂಸದ ಸಂಸಾರವನ್ನ ಸುತ್ತುವರಿದು ದಡಕ್ಕೆ ಒತ್ತಿದವು. ಅಪ್ಪ, ಅಮ್ಮ, ಬೂದು ಬಣ್ಣದ ನಾಲ್ಕು ಮರಿ. ಎಲ್ಲವನ್ನೂ ಎತ್ತಿ, ಕಾಲು ಮೆತ್ತಗೆ ಕಟ್ಟಿ, ಹುಲ್ಲಿನ ಮೇಲೆ ಕೂರಿಸಿದ್ರು. ನಮ್ಮಮ್ಮ ಹೌಹಾರಿದ್ರು: "ಅಯ್ಯೋ, ಸರಸ್ವತಿ ವಾಹನನ ಕಟ್ಟಿಹಾಕ್ತಾರಲ್ಲೋ!"

📷 5
ಆಮೇಲೆ ಒಂದೊಂದೇ ಮರೀನ ತಕ್ಕಡಿಗೆ ನೇತುಹಾಕಿದ್ರು. ಕೊಕ್ಕು ಅಳೆದ್ರು. ಮೀನಿನ ಗಾಳದ ದಾರ ಸಿಕ್ಕಿಕೊಂಡಿದೆಯಾ, ಗಾಯ ಆಗಿದೆಯಾ ಅಂತ ರೆಕ್ಕೆ ಬಿಡಿಸಿ ನೋಡಿದ್ರು. ತಾಯಿ ಹಂಸ ಬುಸ್ ಅಂತಾನೇ ಇತ್ತು. 2022ರಲ್ಲಿ ಈ ನದೀಲಿ 155 ಮರಿ ಸಿಕ್ಕಿದ್ವಂತೆ, 2023ರಲ್ಲಿ ಬರೀ 94. ಹಕ್ಕಿಜ್ವರ, ನಾಯಿ ಕಾಟ, ಕವಣೆ ಹೊಡೆಯೋ ಪೋಲಿಗಳು. ಎಣಿಸದೇ ಹೋಗಿದ್ರೆ ಕಮ್ಮಿಯಾಗಿದ್ದು ಯಾರಿಗೂ ಗೊತ್ತಾಗ್ತಿರಲಿಲ್ಲ.

ನಾನು ಇದನ್ನ ಅಮ್ಮಂಗೆ ಹೇಳಿದೆ. ಅಕ್ಕ ಪಕ್ಕದಲ್ಲೇ ಪಾಪುನ ಎದೆಗವಚಿಕೊಂಡು ನಿಂತಿದ್ದಳು. ಅಮ್ಮ ಏನೂ ಅನ್ನಲಿಲ್ಲ. ಕೊನೇ ಮರಿ ಸಣ್ಣದಿತ್ತು. ಅದನ್ನ ತೂಗುವಾಗ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ, "ಎಷ್ಟಂತೆ? ಕೇಳೋ" ಅಂದ್ರು.

📷 6
ಎಲ್ಲವನ್ನೂ ನೀರಿಗೆ ಬಿಟ್ಟರು. ಸಣ್ಣದು ಹಿಂದೆ ಉಳೀತು, ತಾಯಿ ತಿರುಗಿ ಬಂತು. ಅಕ್ಕ ಸ್ಕಾರ್ಫಲ್ಲೇ ಕಣ್ಣು ಒರೆಸಿಕೊಂಡಳು. ಅಮ್ಮ ನದೀನೇ ನೋಡ್ತಾ ಹೇಳಿದ್ರು: "ನೀನೂ ಹಿಂಗೇ ಇದ್ದೆ ಕಣೇ. ಕಡ್ಡಿ. ನನಗೆ ಭಯ. ತೂಕ ಹಾಕಿಸೋಕೂ ಭಯ." ಅಕ್ಕಂಗೆ ಈ ವಿಷಯ ಗೊತ್ತೇ ಇರಲಿಲ್ಲ. ನನಗೂ.

📷 7
ಮುಂದಿನ ವಾರ ನರ್ಸ್ ಬಂದಾಗ ತಕ್ಕಡಿ ಪಕ್ಕ ಅಮ್ಮಾನೇ ನಿಂತ್ರು. 180 ಗ್ರಾಂ ಜಾಸ್ತಿ. ಚುಕ್ಕಿ ಇನ್ನೂ ಗೆರೆ ಮುಟ್ಟಿಲ್ಲ, ಆದ್ರೆ ಕೆಳಗೆ ಇಳೀತಿಲ್ಲ. ನರ್ಸ್ ಬಾಗಿಲು ದಾಟಿದ ತಕ್ಷಣ ಅಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆ ಮೇಲೆ ಹಾಕಿದ್ರು. ಸ್ಮೋಕ್ ಅಲಾರ್ಮ್ ಹೊಡಕೊಳ್ತು. ಹತ್ತು ದಿನದಲ್ಲಿ ಅಕ್ಕ ನಕ್ಕಿದ್ದು ಅದೇ ಮೊದಲು.

ನಿಮ್ಮ ಮನೇಲೂ ಮಕ್ಕಳನ್ನ ಎಣಿಸಬಾರದು ಅಂತಾರಾ? ಕಾಮೆಂಟಲ್ಲಿ ಹೇಳಿ 👇

#ರಜೆಡೈರಿ #ಥೇಮ್ಸ್ #ಬಾಣಂತನ #ಕನ್ನಡ