ಕಲಿಸುವವನ ಕಲಿಕೆ

ಶಿಕ್ಷಕನಾದವನಿಗೆ ತನ್ನ ತಪ್ಪನ್ನು ಹೇಳಿಕೊಳ್ಳುವುದು ಸುಲಭವಲ್ಲ. ನಿವೃತ್ತನಾದ ಮೇಲಾದರೂ ಹೇಳಿಬಿಡಬೇಕೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

1984ರಲ್ಲಿ ಧಾರವಾಡ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಗೆ ಇಂಗ್ಲಿಷ್ ಶಿಕ್ಷಕನಾಗಿ ಸೇರಿದೆ. ನನ್ನ ಗುರುಗಳು ಕಲಿಸಿದಂತೆಯೇ ನಾನೂ ಕಲಿಸಿದೆ. ಪಾಠ ಓದುವುದು, ಸಾಲುಸಾಲಾಗಿ ಕನ್ನಡದಲ್ಲಿ ಅರ್ಥ ಹೇಳುವುದು, ಉತ್ತರಗಳನ್ನು ಬರೆಸಿ ಬಾಯಿಪಾಠ ಮಾಡಿಸುವುದು. ಇಷ್ಟೇ ನನ್ನ ವಿದ್ಯೆ. ತರಗತಿ ನಿಶ್ಶಬ್ದವಾಗಿರುತ್ತಿತ್ತು. ಆ ಮೌನವನ್ನೇ ಕಲಿಕೆಯೆಂದು ನಾನು ನಂಬಿದ್ದೆ.

ಹತ್ತನೆಯ ತರಗತಿಯಲ್ಲಿ ಒಬ್ಬ ಜಾಣ ಹುಡುಗಿಯಿದ್ದಳು. ಎಸ್‌.ಎಸ್‌.ಎಲ್‌.ಸಿ.ಯಲ್ಲಿ ಉಳಿದೆಲ್ಲ ವಿಷಯಗಳಲ್ಲಿ ಉತ್ತಮ ಅಂಕ ಪಡೆದವಳು ಇಂಗ್ಲಿಷಿನಲ್ಲಿ ಅನುತ್ತೀರ್ಣಳಾದಳು. "ಸರ, ನೀವು ಬರೆಸಿದ್ದನ್ನೆಲ್ಲಾ ಬಾಯಿಪಾಠ ಮಾಡಿದ್ದೆ. ಪ್ರಶ್ನೆ ಬ್ಯಾರೆ ಥರಾ ಬಂದಿತ್ರಿ" ಎಂದಳು. ಮತ್ತೊಮ್ಮೆ ಪರೀಕ್ಷೆಗೆ ಕೂರಿಸಿರೆಂದು ಅವಳ ತಂದೆಯನ್ನು ಕೇಳಿಕೊಂಡೆ. "ಸಾಕು ಬಿಡ್ರಿ ಸರ" ಎಂದರು. ಮುಂದಿನ ವೈಶಾಖದಲ್ಲಿ ಅವಳ ಮದುವೆಯಾಯಿತು. ಉಂಡ ಆ ಮದುವೆಯೂಟ ಇಂದಿಗೂ ಗಂಟಲಲ್ಲಿದೆ.

1991ರಲ್ಲಿ ಬೆಂಗಳೂರಿನಲ್ಲಿ ಮೂವತ್ತು ದಿನಗಳ ತರಬೇತಿಗೆ ನನ್ನನ್ನು ನಿಯೋಜಿಸಿದರು. ದಕ್ಷಿಣ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗಾಗಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಅದು. ಅಲ್ಲಿ ನಾನೊಂದು ಪಾಠ ಮಾಡಿದೆ. ಹಿಂದೆ ಕುಳಿತು ಗಡಿಯಾರ ನೋಡುತ್ತಿದ್ದ ಸಹಶಿಕ್ಷಕಿಯೊಬ್ಬರು ಬಳಿಕ ಮೆಲ್ಲಗೆ ಹೇಳಿದರು: "ನಲವತ್ತು ನಿಮಿಷದಲ್ಲಿ ಮಕ್ಕಳು ಮಾತಾಡಿದ್ದು ಎರಡು ನಿಮಿಷವೂ ಇಲ್ಲ ಸರ್." ಆ ಕ್ಷಣ ನನ್ನ ಕಣ್ಣ ಮುಂದೆ ಬಂದವಳು ಆ ಹುಡುಗಿ. ಭಾಷೆಯನ್ನು ಬಳಸಲು ನಾನು ಅವಳಿಗೆ ಅವಕಾಶವನ್ನೇ ಕೊಟ್ಟಿರಲಿಲ್ಲ.

ಎನ್‌.ಎಸ್‌. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ, 'ಬೆಂಗಳೂರು ಯೋಜನೆ'ಯೆಂದೇ ಹೆಸರಾದ ಪ್ರಯೋಗದ ವಿಷಯ ನನಗೆ ತಿಳಿದದ್ದು ಆಗಲೇ. ವ್ಯಾಕರಣವನ್ನು ಮೊದಲು ಒಪ್ಪಿಸದೆ, ವೇಳಾಪಟ್ಟಿ, ನಕ್ಷೆಗಳಂಥವನ್ನು ಮುಂದಿಟ್ಟು ಮಕ್ಕಳಿಂದ ಸಮಸ್ಯೆ ಬಿಡಿಸುವುದು ಅದರ ಮಾರ್ಗ. ಮನಸ್ಸು ಅರ್ಥದ ಬೆನ್ನು ಹತ್ತಿದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅದರ ಹಿಂದಿನ ನಂಬಿಕೆ.

ಊರಿಗೆ ಮರಳಿ ನಮ್ಮ ಬಸ್ಸುಗಳ ವೇಳೆಯನ್ನು ಕರಿಹಲಗೆಯ ಮೇಲೆ ಬರೆದೆ. ಹತ್ತು ಗಂಟೆಗೆ ಹುಬ್ಬಳ್ಳಿಯ ಆಸ್ಪತ್ರೆ ತಲುಪಲು ಯಾವ ಬಸ್ಸು ಹಿಡಿಯಬೇಕೆಂದು ಇಂಗ್ಲಿಷಿನಲ್ಲಿ ಕೇಳಿದೆ. ಎಂದೂ ಬಾಯಿ ತೆರೆಯದ ಹುಡುಗನೊಬ್ಬ "ಸೆವೆನ್ ಥರ್ಟಿ ಬಸ್ ಗೋ" ಎಂದ. ತಿದ್ದಲು ನಾಲಗೆ ತುದಿಗೆ ಬಂದ ಮಾತನ್ನು ತಡೆದುಕೊಂಡೆ. ನಾನು ಕಲಿತ ಅತಿ ಕಠಿಣ ಪಾಠ ಅದು.

ಆದರೆ ತರಬೇತಿಯ ಉತ್ಸಾಹ ವರ್ಷದೊಳಗೆ ಬಾಡತೊಡಗಿತು. ಆಗ ಸುತ್ತಲಿನ ಊರುಗಳ ಮೂವರು ಶಿಕ್ಷಕರು ಒಂದಾದೆವು. ತಿಂಗಳಿಗೊಂದು ಶನಿವಾರ, ಅರ್ಧ ದಿನದ ಶಾಲೆ ಮುಗಿದ ಬಳಿಕ, ಕೆಲವು ಮಕ್ಕಳನ್ನು ಉಳಿಸಿಕೊಂಡು ಒಬ್ಬರು ಪಾಠ ಮಾಡುವುದು, ಇಬ್ಬರು ನೋಡುವುದು. ಮೊದಮೊದಲು ನಾಚಿಕೆಯಾಗುತ್ತಿತ್ತು. ಬರಬರುತ್ತ ಅದೇ ನಮ್ಮ ನಿಜವಾದ ತರಬೇತಿಯಾಯಿತು. ಎಲ್ಲರಿಗೂ ಒಪ್ಪುವ ಸರ್ವಶ್ರೇಷ್ಠ ಬೋಧನಾ ವಿಧಾನವೊಂದಿಲ್ಲ, ಶಿಕ್ಷಕನ ವಿವೇಚನೆ ಜೀವಂತವಾಗಿರುವುದೇ ಮುಖ್ಯ ಎಂದು ಪ್ರಭು ಅವರು 1990ರ ಲೇಖನವೊಂದರಲ್ಲಿ ವಾದಿಸಿದ್ದರು. ಅದರ ಸತ್ಯ ನನಗೆ ತಿಳಿದದ್ದು ಆ ಶನಿವಾರಗಳಲ್ಲಿ.

2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಅದನ್ನು ಕಲಿಸುವವರಲ್ಲಿ ಅನೇಕರು ನಮ್ಮ ನಿಮ್ಮ ಮನೆಯ ಮಕ್ಕಳು, ಸೊಸೆಯಂದಿರು. "ನನಗೆ ಇದು ಬರುವುದಿಲ್ಲ, ಕಲಿಯಬೇಕು" ಎಂದು ಅವರು ಹೇಳಿದರೆ ದಯಮಾಡಿ ನಗಬೇಡಿ. ಕಲಿಯಲು ಬಿಡುವು ಮಾಡಿಕೊಡಿ. ಆ ಮಾತನ್ನು ನಾನು ಏಳು ವರ್ಷ ಮೊದಲೇ ಆಡಿದ್ದರೆ ಒಂದು ಹೆಣ್ಣುಮಗುವಿನ ಓದು ಮುಂದುವರಿಯುತ್ತಿತ್ತೋ ಏನೋ.