ಪಾಂಡವರ ಮನೆಯ ಅಳತೆ

ಮೂಡುಬಿದಿರೆ,
ಮೇ ತಿಂಗಳು

ಅಪ್ಪಾ,

ಫೋನ್ ಮಾಡಿದಾಗಲೆಲ್ಲ ನಿಮ್ಮದು ಒಂದೇ ಪ್ರಶ್ನೆ: "ಏನೇನು ಅಗೆದ್ರಿ?" ಏನೂ ಅಗೆದಿಲ್ಲ. ಗುದ್ದಲಿ ಮುಟ್ಟಿಯೂ ಇಲ್ಲ. ಉತ್ಖನನಕ್ಕೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ ಬೇಕು. ಎಂ.ಎ. ಓದುವ ನಮ್ಮಂಥವರ ಬೇಸಿಗೆ ಕ್ಷೇತ್ರಕಾರ್ಯಕ್ಕೆ ಅದು ಸಿಗುವಂಥದ್ದಲ್ಲ. ಸಿಗದಿರುವುದೇ ಒಳ್ಳೆಯದು ಅಂತ ಇಲ್ಲಿಗೆ ಬಂದ ಮೇಲೆ ನನಗೂ ಅನ್ನಿಸಿದೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಪದರ ಪದರವಾಗಿ ಗುರುತು ಹಾಕಿ ಬರೆದಿಡಿಸಿದ್ದರಿಂದಲೇ ಕಲ್ಲುಕೊಡಲಿಯವರು ಮೊದಲು, ಬೃಹತ್ ಶಿಲಾಗೋರಿಯವರು ಆಮೇಲೆ ಎಂಬ ಕ್ರಮ ಸಿಕ್ಕಿತು. ಒಂದು ಸಲ ಕಲಕಿದ ಮಣ್ಣು ಎರಡನೇ ಸಲ ಏನನ್ನೂ ಹೇಳುವುದಿಲ್ಲ.

ಹಾಗಾಗಿ ನಮ್ಮ ಕೆಲಸವೆಲ್ಲ ನಡೆಯುವುದು, ನೋಡುವುದು, ಅಳೆಯುವುದು, ಬರೆದುಕೊಳ್ಳುವುದು. ಬೆಳಗಿನ ಆರಕ್ಕೇ ಹೊರಡುತ್ತೇವೆ. ಹತ್ತಾದರೆ ಮುರಕಲ್ಲು ಕಾದು, ಬೆವರು ನೋಟ್‌ಬುಕ್ಕಿನ ಮೇಲೆ ತೊಟ್ಟಿಕ್ಕುತ್ತದೆ. ನಮ್ಮ ಗಂಗಾವತಿಯ ಬಿಸಿಲು ಸುಡುತ್ತದೆ, ಅಷ್ಟೇ, ಇಲ್ಲಿಯದು ಬೇಯಿಸುತ್ತದೆ. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ಪುನರ್ಪುಳಿ ಶರಬತ್ತು. ಅಮ್ಮ ಕಟ್ಟಿಕೊಟ್ಟ ಖಡಕ್ ರೊಟ್ಟಿಯನ್ನು ಇಲ್ಲಿನ ಹವೆ ಮೆತ್ತಗೆ ಮಾಡಿಬಿಟ್ಟಿತು. ಅವಳಿಗೆ ಹೇಳಬೇಡಿ.

ಮೊದಲು ಬಂಟ್ವಾಳ. ಬಿ.ಸಿ. ರೋಡಿನ ಹತ್ತಿರ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯವಿದೆ. ನೇಗಿಲು, ದೀಪ, ಅಳತೆಯ ಪಾತ್ರೆ, ಮಡಕೆ – ತುಳುವರ ಮನೆಯೊಳಗಿನ ಬದುಕೇ ಅಲ್ಲಿದೆ. ಇತಿಹಾಸಪೂರ್ವ ನೋಡಲು ಬಂದವರಿಗೆ ಇದೇಕೆ ಅಂದುಕೊಂಡೆ. ಮಡಕೆಯ ಬಾಯಂಚು ಹೇಗೆ ಬಾಗಿದೆ, ತಳ ಯಾಕೆ ಉರುಟು ಎಂದು ಇಡೀ ಪಾತ್ರೆಯಲ್ಲಿ ನೋಡದವರು ಹೊಲದಲ್ಲಿ ಬಿದ್ದ ಬೋಕಿಚೂರನ್ನು ಓದಲಾರರು ಎಂದರು ನಮ್ಮ ಮೇಷ್ಟ್ರು.

ಅದೇ ತಾಲ್ಲೂಕಿನ ಕಾರಿಂಜಕ್ಕೂ ಹತ್ತಿದೆವು. ಬೋಳುಬಂಡೆಯ ಮೇಲೆ ಕಾರಿಂಜೇಶ್ವರ. ಭೀಮ ಗದೆ ಎಸೆದಲ್ಲಿ ಗದಾತೀರ್ಥ, ಮೊಣಕಾಲೂರಿದಲ್ಲಿ ಜಾನುತೀರ್ಥ ಎಂದು ಕಥೆ. ಬಂಡೆಯಲ್ಲಿ ನೀರು ನಿಂತ ಹೊಂಡ ಕಂಡರೆ ಸಾಕು, ನಮ್ಮ ಜನ ಅದನ್ನು ಪಾಂಡವರ ಲೆಕ್ಕಕ್ಕೆ ಬರೆದುಬಿಡುತ್ತಾರೆ.

ಆ ಲೆಕ್ಕದ ಇನ್ನೊಂದು ಪುಟ ಮೂಡುಕೊಣಾಜೆಯಲ್ಲಿದೆ. ಮೂಡುಬಿದಿರೆಯಿಂದ ಶಿರ್ತಾಡಿ ರಸ್ತೆಯಲ್ಲಿ ಎಂಟು ಕಿಲೋಮೀಟರ್. ಗುಡ್ಡದ ಇಳಿಜಾರಿನಲ್ಲಿ ಕಲ್ಲುಚಪ್ಪಡಿಯ ಗೋರಿಗಳು. 1980ರ ದಶಕದಲ್ಲಿ ಇತಿಹಾಸಕಾರ ಪುಂಡಿಕಾಯ್ ಗಣಪಯ್ಯ ಭಟ್ಟರು ಇವನ್ನು ಮೊದಲು ಬೆಳಕಿಗೆ ತಂದರು. ಒಟ್ಟು ಒಂಬತ್ತು, ಸರಿಯಾಗಿ ಉಳಿದಿರುವುದು ಎರಡೇ. ಇಂಥವನ್ನೂ ಕರೆಯುವುದು ಪಾಂಡವರ ಮನೆ ಎಂದೇ.

ನಾನು ಅಲ್ಲಿ ಅಳತೆಪಟ್ಟಿ ಹಿಡಿದು ಮೊಣಕಾಲೂರಿ ಕೂತಿದ್ದೇ ಕೂತಿದ್ದು. ಭೀಮನಂತೆ ತೀರ್ಥವೇನೂ ಆಗಲಿಲ್ಲ. ಕಟ್ಟಿದ ಬಗೆ ಮಾತ್ರ ನೋಡಬೇಕು ಅಪ್ಪಾ. ನಾಲ್ಕು ಚಪ್ಪಡಿಗಳನ್ನು ಮೂಲೆಗೆ ಮೂಲೆ ಕೂಡಿಸಿ ಪೆಟ್ಟಿಗೆಯ ಹಾಗೆ ನಿಲ್ಲಿಸುವುದಿಲ್ಲ. ಪ್ರತಿ ಚಪ್ಪಡಿಯ ಒಂದು ತುದಿ ಪಕ್ಕದ್ದನ್ನು ದಾಟಿ ಹೊರಚಾಚುತ್ತದೆ, ಇನ್ನೊಂದು ತುದಿ ಹಿಂದಿನದಕ್ಕೆ ಒರಗುತ್ತದೆ. ಪ್ರದಕ್ಷಿಣೆಯ ದಿಕ್ಕಿನಲ್ಲಿ ಒಂದನ್ನೊಂದು ತಡೆಯುತ್ತ ಹೋಗುತ್ತವೆ. ಮೇಲಿನಿಂದ ನಕ್ಷೆ ಬರೆದರೆ ಸ್ವಸ್ತಿಕ. ಹೊರಗಿನಿಂದ ಮಣ್ಣು ಎಷ್ಟು ಒತ್ತಿದರೂ ಯಾವ ಕಲ್ಲೂ ಒಳಕ್ಕೆ ಬೀಳದು. ಗಾರೆಯಿಲ್ಲ, ಮೊಳೆಯಿಲ್ಲ. ಮೇಲೊಂದು ಮುಚ್ಚುಗಲ್ಲು. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಅಥವಾ ಇಂಗ್ಲಿಷ್ ಯು ಅಕ್ಷರದಂಥ ಕಿಂಡಿ ಇರುವುದು ವಾಡಿಕೆ. ಇಡೀ ಹೆಣ ಹೋಗುವಷ್ಟು ದೊಡ್ಡದಲ್ಲ. ಶವವನ್ನು ಬೇರೆಡೆ ಇಟ್ಟು, ಆಮೇಲೆ ಎಲುಬನ್ನಷ್ಟೇ ಆಯ್ದು ತಂದು ಒಳಗೆ ಹಾಕುತ್ತಿದ್ದಿರಬೇಕು, ಮನೆತನದ ಮುಂದಿನ ಸಾವಿಗೂ ಅದೇ ಬಾಗಿಲಾಗಿರಬೇಕು ಎಂದು ವಿದ್ವಾಂಸರ ಊಹೆ. ಎ. ಸುಂದರ ಅವರು 1975ರಲ್ಲಿ ದಕ್ಷಿಣ ಭಾರತದ ಇಂಥ ಕೋಣೆಗೋರಿಗಳ ಮೇಲೆಯೇ ಒಂದು ಪುಸ್ತಕ ಬರೆದರು. ಅದರ ನೆರಳಚ್ಚು ಹಾಳೆಗಳು ನಮ್ಮ ಕೈಯಲ್ಲಿ ಓಡಾಡಿ ಚಿಂದಿಯಾಗಿವೆ.

ನಮ್ಮ ಕಡೆಯ ಹಿರೇಬೆಣಕಲ್ಲಿನ ಮೊರೇರ ಗುಡ್ಡ ಪದೇ ಪದೇ ನೆನಪಾಯಿತು. ಅಲ್ಲಿ ನೂರಾರು ಗೋರಿಗಳು; ಕುಳ್ಳರು ಬದುಕಿದ್ದ ಮನೆ ಅಂತ ನೀವು ಹೇಳಿದ್ದನ್ನು ಹೈಸ್ಕೂಲು ಮುಗಿಯುವವರೆಗೂ ನಂಬಿದ್ದೆ. ನಮ್ಮ ಕಡೆಯವರಿಗೆ ಕುಳ್ಳರು, ಇವರಿಗೆ ಭೀಮ. ಅಷ್ಟು ಭಾರದ ಕಲ್ಲನ್ನು ಎತ್ತಿದವರು ನಮ್ಮಂಥದೇ ಆಳುಗಳು, ಇಳಿಜಾರು ಮಣ್ಣುದಿಬ್ಬ, ಮರದ ದಿಮ್ಮಿ, ಸನ್ನೆಗೋಲು ಬಳಸಿದ್ದರು ಎಂದು ಒಪ್ಪಲು ಮಾತ್ರ ಯಾರಿಗೂ ಮನಸ್ಸಿಲ್ಲ. ಇಲ್ಲೇ ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ಎತ್ತರದ ಬಾಹುಬಲಿಯನ್ನು ನಿಲ್ಲಿಸಿದ. ಅದಕ್ಕೆ ಶಾಸನವಿದೆ, ಅರಸನ ಹೆಸರಿದೆ, ಹಾಗಾಗಿ ಭೀಮ ಬೇಕಾಗಲಿಲ್ಲ. ಗಡಾಯಿಕಲ್ಲನ್ನು ರಸ್ತೆಯಿಂದಲೇ ನೋಡಿದೆವು. ಅದರ ಮೇಲಿನ ಟಿಪ್ಪುವಿನ 1794ರ ಕೋಟೆ ನಮ್ಮ ಪಾಠಕ್ಕೆ ತೀರ ಇತ್ತೀಚಿನದು.

ಮೂಡುಕೊಣಾಜೆ ಸುದ್ದಿಯಾದದ್ದು 2023ರಲ್ಲಿ. ಶಿರ್ವದ ಮೂಲ್ಕಿ ಸುಂದರರಾಮ ಶೆಟ್ಟಿ ಕಾಲೇಜಿನ ಪ್ರೊ. ಟಿ. ಮುರುಗೇಶಿಯವರು ಇಲ್ಲಿ ಎಂಟು ಸುಟ್ಟ ಮಣ್ಣಿನ ವಸ್ತುಗಳು ಸಿಕ್ಕವು ಎಂದು ಪ್ರಕಟಿಸಿದರು: ಎರಡು ಗೂಳಿ, ಎರಡು ನವಿಲು, ಒಂದು ಕುದುರೆ, ಒಬ್ಬಳು ಮಾತೃದೇವತೆ, ಇನ್ನೊಬ್ಬಳ ಕೈ ಮಾತ್ರ, ಮತ್ತೆ ಗುರುತು ಹತ್ತದ ಒಂದು ತುಂಡು. ಜೊತೆಗೆ ಎಲುಬಿನ, ಕಬ್ಬಿಣದ ಚೂರುಗಳು. ಎಲುಬನ್ನು ಕರಗಿಸುವ ಇಲ್ಲಿನ ಹುಳಿಮಣ್ಣಿನಲ್ಲಿ ಅದು ಉಳಿದಿದ್ದೇ ದೊಡ್ಡದು. ಕಾಲ ಕ್ರಿ.ಪೂ. 800–700 ಎಂದು ಅವರ ಅಂದಾಜು. ಗೂಳಿಗಳಲ್ಲಿ ಒಂದಕ್ಕೆ ಮನುಷ್ಯನ ಮೈ, ಗೂಳಿಯ ತಲೆ. ಎತ್ತರ ಸುಮಾರು 9 ಸೆಂಟಿಮೀಟರ್. ಶಿಲಾಗೋರಿಗಳಲ್ಲಿ ಮಣ್ಣಿನ ಬೊಂಬೆ ಸಿಗುವುದೇ ಅಪರೂಪ. ಕೇರಳದ ಮಲಂಪುಳದಲ್ಲಿ ಸಿಕ್ಕವುಗಳೊಂದಿಗೆ ಇವನ್ನು ಹೋಲಿಸುತ್ತಾರೆ.

ಕರಾವಳಿಯ ದೈವಾರಾಧನೆಯ ಅಧ್ಯಯನಕ್ಕೂ ಇವು ಆಧಾರವಾಗಬಲ್ಲವು ಎಂದು ಅವರು ಹೇಳಿದ್ದಾರೆ. ಇದರ ಬಗ್ಗೆ ನಮ್ಮ ತಂಡದಲ್ಲಿ ರಾತ್ರಿಯಿಡೀ ಜಗಳ. ಪತ್ತನಾಜೆ ಎಂಬ ದಿನ ಬಂದರೆ ದೈವಗಳ ನೇಮಗಳು ನಿಲ್ಲುತ್ತವೆ, ಅಷ್ಟರೊಳಗೆ ಒಂದನ್ನು ನೋಡೋಣ ಎಂದು ಹೋದೆವು. ಪಂಜುರ್ಲಿ ದೈವದ ಹಂದಿಮುಖದ ಮೊಗ ದೀವಟಿಗೆಯ ಬೆಳಕಿನಲ್ಲಿ ನಮ್ಮ ಕಡೆ ತಿರುಗಿದಾಗ ಜಗಳ ಹೂಡಿದವರೆಲ್ಲ ಗಪ್‌ಚಿಪ್. ಕೋಣನ ರೂಪದ ಮೈಸಂದಾಯನೂ ಇದ್ದಾನೆ ಎಂದು ಪಕ್ಕದಲ್ಲಿ ಕೂತ ಅಜ್ಜ ಹೇಳಿದರು. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಆ ಬೊಂಬೆಗೂ ಈ ಮೊಗಕ್ಕೂ ನಡುವೆ ಎರಡೂವರೆ ಸಾವಿರಕ್ಕೂ ಹೆಚ್ಚು ವರ್ಷಗಳಿವೆ, ಅಷ್ಟು ಉದ್ದಕ್ಕೆ ಸೇತುವೆ ಕಟ್ಟಲು ನಡುವೆ ಕಂಬಗಳು ಸಿಗಬೇಕು. ಸಿಗಲಾರವು ಅಂತ ಮಾತ್ರ ಹೇಳಲಾರೆ.

ಮೂಡುಬಿದಿರೆಯಲ್ಲಿ ಎಲ್ಲರೂ 1430ರ ಸಾವಿರ ಕಂಬದ ಬಸದಿಗೆ ಹೋಗುತ್ತಾರೆ, ನಾವೂ ಹೋದೆವು. ನನಗೆ ಹೆಚ್ಚು ಹಿಡಿಸಿದ್ದು ಕೊಡಂಗಲ್ಲಿನ ಜೈನರ ಸಮಾಧಿಗಳು. ಮುರಕಲ್ಲಿನಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಏರಿವೆ. ಸತ್ತವರಿಗೆ ಕಲ್ಲಿನ ಮನೆ ಕಟ್ಟುವ ಕೆಲಸ ಈ ಸುತ್ತಿನಲ್ಲಿ ಎರಡು ಸಲ ನಡೆದಿದೆ, ಎರಡನೆಯವರಿಗೆ ಮೊದಲನೆಯವರ ಸುಳಿವೂ ಇರಲಿಲ್ಲವೇನೋ.

ಒಂದು ಕೆಲಸ ಹೇಳುತ್ತೇನೆ. ಹಿರೇಬೆಣಕಲ್ಲಿಗೆ ಹೋದಾಗ ಕಿಂಡಿ ಇರುವ ಗೋರಿಗಳನ್ನು ಆರಿಸಿ, ಮೊಬೈಲಿನ ದಿಕ್ಸೂಚಿ ಹಿಡಿದು ಕಿಂಡಿಯ ದಿಕ್ಕು ಬರೆದುಕೊಳ್ಳಿ. ಫೋಟೊ ತೆಗೆಯುವಾಗ ಪಕ್ಕದಲ್ಲಿ ತಮ್ಮನ ಒಂದಡಿಯ ಸ್ಕೇಲು ಇಡಿ; ತಮ್ಮನನ್ನೇ ನಿಲ್ಲಿಸಿದರೆ ಅವನು ಇನ್ನೂ ಬೆಳೆಯುತ್ತಿದ್ದಾನೆ, ಅಳತೆ ತಪ್ಪುತ್ತದೆ. ಯಾವ ಕಲ್ಲನ್ನೂ ಸರಿಸಬೇಡಿ. ನಾನು ಬರುವ ಹೊತ್ತಿಗೆ ಪಟ್ಟಿ ಸಿದ್ಧವಿರಲಿ.

ನಿಮ್ಮ ಮಗಳು